ಮನೆ ನೋಡಲು ಬಂದವರಿಗೆ ಕಾಫಿ ಕೊಡಬೇಡಿ

"ಅಮ್ಮ ಮನೆ ಮಾರೋಕೆ ಬಿಡ್ತಿಲ್ಲ." ಆಪ್ತಸಲಹೆ ನನ್ನ ಕೆಲಸ, ಈ ದೂರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ತರುವವರು ಸಾಮಾನ್ಯವಾಗಿ ಮಗ, ಒಮ್ಮೊಮ್ಮೆ ಸೊಸೆ. ಅಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ ಎನ್ನುವುದು ಎಲ್ಲರ ಬೇಡಿಕೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಮೈಸೂರಿನ ಹಳೇ ಬಡಾವಣೆಯಲ್ಲಿ ರೆಡ್ ಆಕ್ಸೈಡ್ ನೆಲದ ಮನೆ. ಯಜಮಾನರು ತೀರಿಕೊಂಡಿದ್ದಾರೆ. ಅವರ ಹೆಂಡತಿ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಬೀದಿಯವರೆಲ್ಲ ಟೀಚರ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮಗ ಬೆಂಗಳೂರಲ್ಲಿ, ಮಗಳು ಶಿವಮೊಗ್ಗದಲ್ಲಿ. ಮನೆ ಮಾರಲು ಟೀಚರ್ ಒಪ್ಪಿದ್ದರು. ಬ್ರೋಕರ್ ಹೇಳಿದಂತೆ ಬಣ್ಣ ಹೊಡೆಸಿದರು, ಅಟ್ಟ ಖಾಲಿ ಮಾಡಿದರು. ಹಾಲ್‌ನಲ್ಲಿದ್ದ ಯಜಮಾನರ ಫೋಟೋವನ್ನೂ ಒಳಗಿನ ರೂಮಿಗೆ ಸಾಗಿಸಿದರು.

ತೊಂದರೆ ಶುರುವಾಗಿದ್ದು ಆಮೇಲೆ. ಪಾರ್ಟಿ ಬಂದಾಗಲೆಲ್ಲ ಟೀಚರ್ ಬಾಯಿ ತೆರೆಯುತ್ತಿದ್ದರು. "ಮಳೆಗಾಲದಲ್ಲಿ ಹಿಂದಿನ ರೂಮಿನ ಗೋಡೆ ಒಸರತ್ತೆ, ನೋಡ್ಕೊಳಿ." ಬ್ರೋಕರ್ ಮಗನಿಗೆ ಫೋನ್ ಮಾಡಿದ: "ಸಾರ್, ಅಮ್ಮ ಮನೇಲಿದ್ರೆ ವ್ಯಾಪಾರ ಆಗಲ್ಲ." ಅಷ್ಟರಲ್ಲಿ ಟೀಚರ್‌ಗೆ ನಿದ್ದೆಯೂ ಕೆಟ್ಟಿತ್ತು.

ಮೊದಲ ಭೇಟಿಯಲ್ಲಿ ಮಗನೇ ಮಾತಾಡಿದ. ಎರಡನೇ ಸಲ ಮಗನನ್ನು ಹೊರಗೆ ಕೂರಿಸಿದೆ. ಟೀಚರ್‌ಗೆ ಒಂದೇ ಪ್ರಶ್ನೆ ಕೇಳಿದೆ. ಮೊನ್ನೆ ಪಾರ್ಟಿ ಬಂದರಲ್ಲ, ಗೇಟು ತೆಗೆದಲ್ಲಿಂದ ಮುಚ್ಚುವ ತನಕ ಏನೇನಾಯಿತು, ಬಿಡದೆ ಹೇಳಿ.

ಪಾಠ ಮಾಡಿದವರು, ಹೇಳುವುದರಲ್ಲಿ ಅಚ್ಚುಕಟ್ಟು. ಗಂಡ, ಹೆಂಡತಿ, ಹೆಂಡತಿಯ ಅಣ್ಣ ಬಂದರು. ಚಪ್ಪಲಿ ಬಿಡಲಿಲ್ಲ, ಬ್ರೋಕರ್ ಪರವಾಗಿಲ್ಲ ಬನ್ನಿ ಅಂದ. ಹಾಲ್‌ನಲ್ಲಿ ಟೇಪು ಹಿಡಿದರು. ಆಮೇಲೆ ಅಡಿಗೆಮನೆಗೆ ಬಂದರು.

"ಆ ಅಣ್ಣ ಗೋಡೆಗೆ ಕೈಯಲ್ಲಿ ಬಡಿದು 'ಇದನ್ನ ಒಡೆದುಬಿಟ್ರೆ ಜಾಗ ಸಿಗತ್ತೆ' ಅಂದ್ರು. ನಾನು ಅಲ್ಲೇ ಇದ್ದೆ. ಅವರಿಗೆ ಅಂತ ಕಾಫಿ ಬೆರೆಸ್ತಿದ್ದೆ."

"ಕಾಫಿ ಕೊಡಿ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮನೆಗೆ ಬಂದೋರಿಗೆ ಕೊಡದೇ ಇರೋಕಾಗತ್ತಾ?"

"ಆಮೇಲೆ?"

"ಕುಡಿದ್ರು. ಚೆನ್ನಾಗಿದೆ ಅಂದ್ರು. ಆಗ ನಾನು ಗೋಡೆ ಒಸರತ್ತೆ ಅಂದೆ."

ಹೇಳಿ ಟೀಚರ್ ತಾವೇ ನಕ್ಕುಬಿಟ್ಟರು. ನಾನೂ ನಕ್ಕೆ. ಆ ದಿನದ ಉಳಿದ ಹೊತ್ತೆಲ್ಲ ಈ ಮಾತಿನ ಸುತ್ತಲೇ ಕಳೆಯಿತು. ಬಂದವರನ್ನು ಅವರು ನೆಂಟರ ಹಾಗೆ ಕಾಣುತ್ತಿದ್ದರು. ಬಂದವರು ಸೈಟ್ ನೋಡಲು ಬಂದಿದ್ದರು. ಹಳೇ ಬಡಾವಣೆಗಳಲ್ಲಿ ತುಂಬ ಮನೆಗಳಿಗೆ ಕಟ್ಟಡದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ, ನೆಲದ ರೇಟು ಅಷ್ಟೆ. ಬ್ರೋಕರ್ ಈ ಮಾತನ್ನು ಮಗನಿಗೆ ಹೇಳಿದ್ದ. ಟೀಚರ್‌ಗೆ ಯಾರೂ ಹೇಳಿರಲಿಲ್ಲ.

ಮಗ ಇದನ್ನು ಹಟ ಅಂದುಕೊಂಡಿದ್ದ. ಹಟ ಸ್ವಲ್ಪ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಟೀಚರ್ ಸುಳ್ಳು ಹೇಳುತ್ತಿರಲಿಲ್ಲ. ಗೋಡೆ ನಿಜವಾಗಿ ಒಸರುತ್ತದೆ. ಬೇಸಿಗೆಯಲ್ಲಿ ಹೊಸ ಬಣ್ಣ ಹೊಡೆದ ಗೋಡೆ ನೋಡಿದರೆ ಕೊಳ್ಳುವವರಿಗೆ ಅದು ಗೊತ್ತಾಗುವುದೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇಂಥದ್ದಕ್ಕೇ ಇದೆ. ಮಾರುವವರಿಗೆ ಗೊತ್ತಿರುವ, ಕೊಳ್ಳುವವರು ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರೇ ತಿಳಿಸಬೇಕು. ಅಂದರೆ ಮನೆಯಲ್ಲಿ ಕಾನೂನು ಪ್ರಕಾರ ನಡೆಯುತ್ತಿದ್ದವರು ಟೀಚರ್ ಒಬ್ಬರೇ! ಇದನ್ನು ಮಗನ ಎದುರಿಗೇ ಹೇಳಿದೆ. ಅವರ ಮುಖ ಸಣ್ಣದಾಯಿತು. ಹೇಳಬೇಕಿತ್ತು, ಹೇಳಿದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಪಾರ್ಟಿ ಬರುವ ಹೊತ್ತಿಗೆ ಟೀಚರ್ ಮನೆಯಲ್ಲಿ ಇರುವುದು ಬೇಡ. ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ, ಟೀಚರ್ ತಂಗಿಯ ಮನೆಗೆ ಹೋಗಲಿ. ಕಾಫಿ ಬೇಡವೇ ಬೇಡ. ಗೋಡೆಯ ವಿಷಯ ಮುಚ್ಚಿಡುವುದೂ ಬೇಡ. ಮನೆಯಲ್ಲಿ ಸರಿ ಇಲ್ಲದ್ದನ್ನೆಲ್ಲ ಟೀಚರ್ ಒಂದು ಹಾಳೆಯಲ್ಲಿ ಬರೆಯಲಿ. ರಿಪೇರಿ ಆಗುವುದು ಆಗಲಿ, ಉಳಿದದ್ದನ್ನು ಬ್ರೋಕರ್ ಮೊದಲೇ ಪಾರ್ಟಿಗೆ ಹೇಳಲಿ, ರೇಟಿನಲ್ಲಿ ಹಿಡಿಯಲಿ. ಯಜಮಾನರ ಫೋಟೋ ವಾಪಸ್ ಹಾಲ್‌ಗೆ ಬರಲಿ. ಫೋಟೋ ನೋಡಿ ಸೈಟ್ ಬೇಡ ಅನ್ನುವವರು ಯಾರೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಮಾರಿದ ಮೇಲೆ ಟೀಚರ್ ಎಲ್ಲಿರುತ್ತಾರೆ ಅನ್ನುವುದು ಟೋಕನ್ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ತೀರ್ಮಾನವಾಗಬೇಕು. "ನಮ್ಮ ಜೊತೆ ಇರ್ತಾರೆ" ಎಂದು ಮಗ ಹೇಳಿದಾಗ ಟೀಚರ್ ಕಿಟಕಿ ಕಡೆ ನೋಡುತ್ತಿದ್ದರು.

ಆಪ್ತಸಲಹೆಗಾರರು ಇಂಥದ್ದೆಲ್ಲ ಹೇಳಬಾರದು, ಭಾವನೆಗೆ ಕಿವಿಗೊಡಬೇಕು ಅಷ್ಟೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ನಿದ್ದೆ ಕೆಡಿಸುತ್ತಿರುವುದು ಶನಿವಾರ ಬೆಳಿಗ್ಗೆ ಬರುವ ಪಾರ್ಟಿ ಆಗಿರುವಾಗ, ಬಾಲ್ಯದ ಬಗ್ಗೆ ಕೇಳುತ್ತ ಕೂರುವುದು ನನಗೆ ಆಗುವುದಿಲ್ಲ. ಮೊದಲು ಆ ಶನಿವಾರ ಸರಿಯಾಗಲಿ. ದುಃಖದ ಬಗ್ಗೆ ಟೀಚರ್ ಆಮೇಲೆ ತಾವಾಗೇ ಮಾತಾಡಿದರು, ಬೇಕಾದಷ್ಟು.

ಬ್ರೋಕರ್ ಬಗ್ಗೆಯೂ ಒಂದು ಮಾತು. ಮನೆಯವರು ಆತನ ಮೇಲೆ ಸಿಟ್ಟಾಗಿದ್ದರು. ನನಗೆ ಸಿಟ್ಟಿಲ್ಲ. ನಮ್ಮ ಕಡೆ ಬ್ರೋಕರ್‌ಗಳು ಸಾಮಾನ್ಯವಾಗಿ ಶೇಕಡಾ 1ರಿಂದ 2ರಷ್ಟು ಕಮಿಷನ್ ತೆಗೆದುಕೊಳ್ಳುತ್ತಾರೆ. ಎಷ್ಟೋ ಸಲ ಎರಡೂ ಕಡೆಯಿಂದ. ವ್ಯಾಪಾರ ಕುದುರಿದರಷ್ಟೇ ಕಾಸು. ಬೇಗ ಮುಗಿಸಬೇಕು ಅಂತ ಆತನಿಗೆ ಅನ್ನಿಸುವುದು ಸಹಜ ಅಲ್ವಾ? ಆತನಿಂದ ಮನೆಮಗನ ಕಾಳಜಿಯನ್ನು ನಿರೀಕ್ಷಿಸಿದವರದ್ದೇ ತಪ್ಪು. ಕಮಿಷನ್ ಎಷ್ಟು, ಇನ್ನೊಂದು ಕಡೆಯಿಂದಲೂ ಪಡೆಯುತ್ತೀರಾ, ಬರುವ ಪಾರ್ಟಿ ವಾಸಕ್ಕೆ ಕೊಳ್ಳುವವರೋ ಒಡೆಸಿ ಕಟ್ಟುವವರೋ ಎಂದು ಮೊದಲ ದಿನವೇ ಕೇಳಿ. ಒಡೆಸುವವರೇ ಬರುವುದಾದರೆ ಬಣ್ಣದ ಖರ್ಚು ದಂಡ. ಟೀಚರ್ ಮನೆಯಲ್ಲಿ ಆಗಿದ್ದೂ ಅದೇ.

ಇನ್ನೊಂದು ಗಂಟು ಅಚಾನಕ್ಕಾಗಿ ಸಿಕ್ಕಿತು. ದಾಖಲೆ ಯಾರ ಹೆಸರಲ್ಲಿದೆ ಎಂದು ಕೇಳಿದೆ. ಕ್ರಯಪತ್ರ ಯಜಮಾನರ ಹೆಸರಲ್ಲಿ, ಅವರು ದುಡಿದು ಕೊಂಡದ್ದು, ವಿಲ್ ಬರೆದಿರಲಿಲ್ಲ. ಅವರ ತಾಯಿ ಮೊದಲೇ ತೀರಿಕೊಂಡಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮಗಳು ಸಹಿ ಹಾಕದೆ ಅವರ ಪಾಲು ಕೊಳ್ಳುವವರಿಗೆ ಹೋಗುವುದಿಲ್ಲ. "ತಂಗಿಗೆ ಆಮೇಲೆ ಹೇಳೋಣ ಅಂದ್ಕೊಂಡಿದ್ವಿ" ಅಂದರು ಮಗ. ವಕೀಲರ ಹತ್ತಿರ ಹೋಗುವ ಮೊದಲು ತಂಗಿಗೆ ಇವತ್ತೇ ಫೋನ್ ಮಾಡಿ ಅಂದೆ.

ಟೀಚರ್ ಬರೆದ ಹಾಳೆ ಎರಡು ಪುಟ ಆಯಿತು. ಅದನ್ನು ನೋಡಿ ಒಂದು ಪಾರ್ಟಿ ಹಿಂದೆ ಸರಿಯಿತು ಎಂದು ಮಗ ಫೋನ್‌ನಲ್ಲಿ ಗೊಣಗಿದರು. ಜೂನ್‌ನಲ್ಲಿ ಗೋಡೆ ಒದ್ದೆಯಾದ ಮೇಲೆ ಆ ಪಾರ್ಟಿ ನಿಮ್ಮ ಬಾಗಿಲಿಗೆ ಬರುವುದಕ್ಕಿಂತ ಇದು ವಾಸಿ ಅಂದೆ. ಕೊನೆಗೆ ಕೇಳಿದ್ದಕ್ಕಿಂತ ಕಡಿಮೆಗೆ ಅಗ್ರಿಮೆಂಟ್ ಆಗಿದೆ. ಮನೆ ಖಾಲಿ ಮಾಡಲು ಮೂರು ತಿಂಗಳು ಬೇಕು ಎಂದು ಟೀಚರ್ ಅದರಲ್ಲಿ ಬರೆಸಿದ್ದಾರೆ. ಆಮೇಲೆ ಟೀಚರ್ ಇರುವುದು ತಮ್ಮ ತಂಗಿಯ ಮನೆ ಬೀದಿಯಲ್ಲೇ, ನೆಲಮಹಡಿಯ ಬಾಡಿಗೆ ಮನೆಯಲ್ಲಿ. ಮಗನಿಗೆ ಇದು ಇಷ್ಟವಿಲ್ಲ. ಮಗಳು ಅಣ್ಣನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮುಂದಿನ ವಾರ ಇಬ್ಬರೂ ಒಟ್ಟಿಗೆ ಬರುತ್ತೇವೆ ಎಂದಿದ್ದಾರೆ.