ಅಜ್ಜನ ಗದ್ದೆ, ಮೊಮ್ಮಗನ ತಟ್ಟೆ

ಪತ್ರ: “ನಮ್ಮದು ಸಕ್ಕರೆ ಕಾಯಿಲೆಯ ಮನೆತನ. ಅಪ್ಪನಿಗೆ 46ಕ್ಕೆ ಬಂತು, ದೊಡ್ಡಪ್ಪನಿಗೆ 50ಕ್ಕೆ. ನನಗೀಗ 38. ಊರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ, ಮೈ ತೆಳ್ಳಗೇ ಇದೆ. ಅಜ್ಜ ಮೂರು ಹೊತ್ತೂ ಅಕ್ಕಿ ತಿಂದು, ಮೇಲೆ ಜೋನಿ ಬೆಲ್ಲ ಸುರಿದುಕೊಂಡು 86 ವರ್ಷ ಗಟ್ಟಿಯಾಗಿದ್ದರು. ಎಂಜಲು ಕಳಿಸಿದರೆ ಜೀನ್ ನೋಡಿ ಆಹಾರದ ಪಟ್ಟಿ ಕೊಡುವ ಕಿಟ್ ಬಂದಿದೆಯಂತೆ, ತರಿಸಲೇ? ಎಲ್ಲ ಜೀನಿನಲ್ಲೇ ಬರೆದಿದ್ದರೆ ಪಥ್ಯ ಯಾಕೆ? ಹಾಂ, ತಂಗಿ ಆರು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಅವಳಿಗೂ ಬರುತ್ತದೆಯೇ?”
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಪತ್ರದ ಮೊದಲ ಎರಡು ಸಾಲಿಗೆ ಶಹಬ್ಬಾಸ್. ಮನೆಯಲ್ಲಿ ಯಾರಿಗೆ ಯಾವ ವಯಸ್ಸಿಗೆ ಕಾಯಿಲೆ ಬಂತು ಎಂದು ಲೆಕ್ಕವಾಗಿ ಹೇಳಬಲ್ಲವರು ಕಡಿಮೆ. ‘ಎಲ್ಲ ಬರೆದಿದ್ದರೆ ಪಥ್ಯ ಯಾಕೆ’ ಎಂಬಲ್ಲಿಗೆ ಬಂದಾಗ ಮಾತ್ರ ಸಿಟ್ಟು ಬಂತು. ಹಣೆಬರಹ ಅನ್ನುವುದಕ್ಕೆ ನಾಚಿಕೆಪಡುವ ಓದಿದವರು ಅದನ್ನೇ ಜೀನ್ ಎಂದು ಕರೆದು ಸಮಾಧಾನಪಟ್ಟುಕೊಳ್ಳುವುದು ಈಗ ಎಲ್ಲ ಕಡೆ ಶುರುವಾಗಿದೆ.

ಜೀನಿನ ಪಾಲನ್ನು ಜೀನಿಗೆ ಮೊದಲು ಕೊಟ್ಟುಬಿಡೋಣ. ಸಾಕ್ಷಿ ನಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ. 1970ರ ದಶಕದಲ್ಲಿ ಹಂದಿಗೋಡಿನ ಬಡ ಕೂಲಿಕಾರರ ಸೊಂಟ, ಮಂಡಿ ಹಿಡಿದು ನಡೆಯಲಾರದಂತಾದಾಗ ಗುಮಾನಿ ಹೋದದ್ದು ಊಟದ ಮೇಲೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿತು, ಏಡಿ ತಿಂದವರ ಕೀಲು ಹಾಳಾಯಿತು ಎಂದು. ಆಮೇಲೆ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದರೆ ಅದು ಮೂಳೆಯ ಬೆಳವಣಿಗೆಯದೇ ದೋಷ, ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಏಡಿಯ ಮೇಲಿನ ಆರೋಪ ಬಿದ್ದುಹೋಯಿತು. ಹೃದಯದ ಲೆಕ್ಕದಲ್ಲೂ ಇಂಥದ್ದಿದೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 190 ದಾಟಿದ್ದು, ಮನೆಯ ಗಂಡಸರಿಗೆ 55ರ ಒಳಗೆ, ಹೆಂಗಸರಿಗೆ 65ರ ಒಳಗೆ ಹೃದಯಾಘಾತ ಆಗಿದ್ದರೆ ತುಪ್ಪ ಬಿಟ್ಟು ಕೂತರೆ ಸಾಲದು, ಡಾಕ್ಟರ ಬಳಿ ಹೋಗಿ ಮಾತ್ರೆಯ ಮಾತು ಆಡಬೇಕು. ಆ ಪಕ್ಷಕ್ಕೆ ಇಷ್ಟು ಸಾಕು.

ನಿಮ್ಮ ಮನೆಯ ಸಕ್ಕರೆ ಕಾಯಿಲೆ ಆ ಬಗೆಯದ್ದಾಗಿರುವ ಸಂಭವ ಕಡಿಮೆ. ನೀವು ಗದ್ದೆಯ ಮನೆಯವರು, ಗದ್ದೆಯ ಮಾತಲ್ಲೇ ಹೇಳಬಹುದು. ಎತ್ತರಕ್ಕೆ ಬೆಳೆಯುವ ನಾಟಿ ಭತ್ತಕ್ಕೆ ಯೂರಿಯಾ ಸುರಿದರೆ ತೆನೆ ಬರುವ ಹೊತ್ತಿಗೆ ಗದ್ದೆಗೆ ಗದ್ದೆಯೇ ಮಲಗುತ್ತದೆ. ಅದೇ ಯೂರಿಯಾ ಗಿಡ್ಡ ತಳಿಗೆ ಹಾಕಿದರೆ ಕಾಳು ಕಟ್ಟುತ್ತದೆ. ಯೂರಿಯಾ ಹಾಕದೇ ಇದ್ದರೆ ನಾಟಿ ಭತ್ತವೂ ನೆಟ್ಟಗೇ ನಿಂತಿರುತ್ತದೆ. ಈಗ ಹೇಳಿ, ಮಲಗಿದ್ದು ತಳಿಯಿಂದಲೋ ಗೊಬ್ಬರದಿಂದಲೋ?

ಇದಕ್ಕೆ ಮನುಷ್ಯರ ಲೆಕ್ಕವೂ ಇದೆ. ಟಿಸಿಎಫ್7ಎಲ್2 ಎಂಬ ಜೀನಿನ ಒಂದು ರೂಪ 2006ರಲ್ಲಿ ಗೊತ್ತಾಯಿತು. ಟೈಪ್ 2 ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟ ನೂರಾರು ಜೀನ್ ತಾಣಗಳಲ್ಲಿ ಇದು ಗಟ್ಟಿಯದು. ಉಂಡ ಮೇಲೆ ಮೇದೋಜೀರಕ ಇನ್ಸುಲಿನ್ ಬಿಡುವುದನ್ನು ಇದು ಮಂದ ಮಾಡುತ್ತದೆ. ಅಮೆರಿಕದಲ್ಲಿ ಸಕ್ಕರೆಯ ಅಂಚಿಗೆ ಬಂದು ನಿಂತವರ ಮೇಲೆ ದೊಡ್ಡದೊಂದು ಪ್ರಯೋಗ ನಡೆದು 2002ರಲ್ಲಿ ಫಲಿತಾಂಶ ಬಂತು. ಗುರಿ ಎರಡೇ: ತೂಕ ಶೇ 7 ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು. ಕಾಯಿಲೆ ಶೇ 58 ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಶೇ 31. ಆಮೇಲೆ ಅದೇ ಜನರ ಜೀನ್ ತೆಗೆದು ನೋಡಿದರು. ಏನೂ ಮಾಡದೆ ಬಿಟ್ಟವರಲ್ಲಿ ಆ ಕೆಟ್ಟ ರೂಪ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದಿದ್ದವರಿಗೆ ಅಪಾಯ ಸುಮಾರು ಶೇ 80 ಹೆಚ್ಚಿತ್ತು. ನಡೆದು, ಊಟ ತಿದ್ದಿಕೊಂಡವರ ಗುಂಪಿನಲ್ಲಿ ಆ ವ್ಯತ್ಯಾಸ ಬಹುಪಾಲು ಅಳಿಸಿಹೋಗಿತ್ತು. ಜೀನ್ ಎಲ್ಲಿಗೂ ಹೋಗಿರಲಿಲ್ಲ, ಯೂರಿಯಾ ಬಿದ್ದಿರಲಿಲ್ಲ. ಚೆನ್ನೈಯಲ್ಲಿ ನಮ್ಮ ಜನರ ಮೇಲೇ ನಡೆಸಿದ ಇಂಥ ಪ್ರಯೋಗದಲ್ಲಿ ಇಳಿಕೆ ಶೇ 28.5. ಅಮೆರಿಕದಷ್ಟಿಲ್ಲ, ಆದರೂ ಮಾತ್ರೆಗೆ ಕಡಿಮೆಯೇನಲ್ಲ.

ಅಜ್ಜನ ವಿಷಯ. 86 ಬದುಕಿದ ಅಜ್ಜನ ಬಗ್ಗೆ ಬರೆದಿರಿ. ಅವರ ಬೆನ್ನಿಗೆ ಹುಟ್ಟಿದವರೆಲ್ಲ ಎಷ್ಟು ವರ್ಷ ಬದುಕಿದರು ಎಂದು ಬರೆಯಲಿಲ್ಲ. ಉಳಿದವರ ಕತೆಯೇ ಉಳಿಯುತ್ತದೆ. ಅದಿರಲಿ, ಅಜ್ಜನ ಜೀನ್ ನಿಮಗೆ ಬಂದಿದೆ, ಅಕ್ಕಿಯೂ ಬಂದಿದೆ. ಸೊಪ್ಪಿನ ಬೆಟ್ಟ ಹತ್ತಿ ಹೊರೆ ಇಳಿಸುವುದು, ಕೆಸರಲ್ಲಿ ಮಂಡಿವರೆಗೆ ಹೂತು ನೇಗಿಲು ಹಿಡಿಯುವುದು, ಅಡಿಕೆಯ ಗೊನೆ ಹೊರುವುದು ಮಾತ್ರ ಬರಲಿಲ್ಲ. ಅವರ ಕಾಲದ ಅಕ್ಕಿ ಒನಕೆಯಲ್ಲಿ ಕುಟ್ಟಿದ್ದು, ತೌಡು ಅಂಟಿಕೊಂಡೇ ಇರುತ್ತಿತ್ತು. ನಿಮ್ಮದು ಮಿಲ್ಲಿನಲ್ಲಿ ಮಲ್ಲಿಗೆಯಂತೆ ಬಿಳಿ ಮಾಡಿಸಿಕೊಂಡದ್ದು.

‘ಮೈ ತೆಳ್ಳಗೇ ಇದೆ’ ಎಂದಿರಿ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು, ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮ ತೆಳ್ಳಗಿನ ಕತೆ ಇದು: ಕೈಕಾಲು ಕಡ್ಡಿ, ಹೊಟ್ಟೆಯೊಳಗೆ ಕೊಬ್ಬು. ಅದಕ್ಕೆ ತೂಕದ ಯಂತ್ರ ಬಿಟ್ಟು ದರ್ಜಿಯ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ, ಬರಿ ಮೈಮೇಲೆ, ಉಸಿರು ಸಹಜವಾಗಿ ಹೊರಬಿಟ್ಟಾಗ. ಪಂಚೆ ಕಟ್ಟುವ ಜಾಗದಲ್ಲಿ ಅಳೆದರೆ ಹೊಟ್ಟೆ ತಪ್ಪಿಸಿಕೊಳ್ಳುತ್ತದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಈಗ ತಟ್ಟೆ. ಬೆಳಗ್ಗೆ ಕಡುಬು, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ. ಹೆಸರು ಬೇರೆ ಬೇರೆ, ಅಕ್ಕಿ ಒಂದೇ. ಬೇಯಿಸುವ ಮೊದಲು ಅಕ್ಕಿಯ ಲೋಟವನ್ನು ಒಮ್ಮೆ ತಕ್ಕಡಿಯ ಮೇಲಿಟ್ಟು ನೋಡಿ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ. ಕೂತು ಕೆಲಸ ಮಾಡುವವರಿಗೆ ಒಂದು ಹೊತ್ತಿಗೆ 60ರಿಂದ 75 ಗ್ರಾಂ ಅಕ್ಕಿ ಸಾಕು, ಸಾಧ್ಯವಾದರೆ ಕುಚ್ಚಲಕ್ಕಿ. ಖಾಲಿಯಾದ ಜಾಗಕ್ಕೆ 40 ಗ್ರಾಂ ಹುರುಳಿಯದೋ ಹೆಸರಿನದೋ ಉಸಲಿ, ದೊಡ್ಡ ಬಟ್ಟಲು ಹರಿವೆ ಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ. ಪಲ್ಯ, ಕಾಳು ಮೊದಲು ತಿಂದು ಅನ್ನ ಕೊನೆಗೆ ಉಣ್ಣಿ. ಅದೇ ಊಟ, ಸಕ್ಕರೆ ನಿಧಾನವಾಗಿ ಏರುತ್ತದೆ. ಉಂಡ ಮೇಲೆ 15 ನಿಮಿಷ ನಡೆಯಿರಿ. ಆಷಾಢದ ಮಳೆಯಲ್ಲಿ ಎಲ್ಲಿ ನಡೆಯುವುದು ಎಂದು ಕೇಳಬೇಡಿ, ಮಲೆನಾಡಿನ ಮನೆಗೆ ಜಗಲಿ ಇರುವುದು ಯಾಕೆ? ದಿನಕ್ಕೆ ಐದು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಅಲ್ಲೇ 50 ಗ್ರಾಂ ಆಯಿತು. ಜೋನಿ ಬೆಲ್ಲವೂ ರಕ್ತಕ್ಕೆ ಸಕ್ಕರೆಯೇ, ಪರಿಮಳ ಚೆನ್ನಾಗಿರುವ ಸಕ್ಕರೆ.

ಇಲ್ಲಿ ನಮ್ಮದೊಂದು ಹಳೆಯ ತಕರಾರು. ಸಕ್ಕರೆ ಬಂತು ಎಂದ ಕೂಡಲೇ ಮಲೆನಾಡಿನವರಿಗೆ ಕೊಡುವ ಉಪದೇಶ ಒಂದೇ: ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ. ಎಷ್ಟು ಎಂದು ಯಾರೂ ಹೇಳುವುದಿಲ್ಲ. ಹುಟ್ಟಿದಾಗಿನಿಂದ ಅನ್ನ ಉಂಡವನಿಗೆ ಎರಡರಲ್ಲಿ ಹೊಟ್ಟೆ ತುಂಬದು, ನಾಲ್ಕು ತಿನ್ನುತ್ತಾನೆ. ಚಪಾತಿಗೆ 35 ಗ್ರಾಂ ಹಿಟ್ಟು ಎಂದರೂ 140 ಗ್ರಾಂ. ಪಿಷ್ಟ ಸುಮಾರು 90 ಗ್ರಾಂ. ಬಿಟ್ಟ 75 ಗ್ರಾಂ ಅಕ್ಕಿಯಲ್ಲಿದ್ದದ್ದು 58! ಗೋಧಿಯಲ್ಲಿ ನಾರು, ಪ್ರೋಟೀನು ತುಸು ಹೆಚ್ಚು, ಒಪ್ಪೋಣ. ಆದರೆ ತಂಬುಳಿ, ಸೊಪ್ಪಿನ ಹುಳಿ ಅನ್ನದ ಜೊತೆಗೇ ಹೋಗಿಬಿಡುತ್ತವೆ, ಚಪಾತಿಯ ಜೊತೆಗೆ ಬರುವುದು ಆಲೂಗಡ್ಡೆ ಪಲ್ಯ. ರಾಗಿಯದೂ ಇದೇ ಪಾಡು. ನುಣ್ಣಗೆ ಬೀಸಿ, ಬೆಲ್ಲ ಹಾಕಿ ಕುದಿಸಿದ ಗಂಜಿಯನ್ನು ಔಷಧವೆಂದು ಎರಡು ಲೋಟ ಕುಡಿಯುತ್ತಾರೆ. ಶಿವಮೊಗ್ಗದ ಮಾರುಕಟ್ಟೆಗೆ ಕಾಲಿಡದವರು ಬರೆದ ಪಥ್ಯದ ಹಾಳೆಗಳಲ್ಲಿ ಓಟ್ಸ್, ಆಲಿವ್ ಎಣ್ಣೆ ಇರುತ್ತವೆ. ಹುರುಳಿಕಾಳಿನ ಹೆಸರು ಹುಡುಕಿದರೂ ಸಿಗದು.

ನಿಮ್ಮ ಕಿಟ್ಟು ಕೂಡ ಅದೇ ಹಾಳೆಯನ್ನು ದುಬಾರಿ ಕಾಗದದ ಮೇಲೆ ಅಚ್ಚು ಹಾಕಿ ಕಳಿಸುತ್ತದೆ ಎಂಬುದು ನಮ್ಮ ಅನುಮಾನ. ಜೀನ್ ನೋಡಿ ಕಾಯಿಲೆಯ ಅಪಾಯಕ್ಕೆ ಅಂಕ ಕೊಡುವ ಲೆಕ್ಕಗಳು ಬಹುಪಾಲು ಯುರೋಪಿನ ಜನರನ್ನು ನೋಡಿ ಕಟ್ಟಿದವು, ನಮಗೆ ಅಷ್ಟು ಕೂಡಿಬರುವುದಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರಿಗೆ ಕೊಬ್ಬು ಕಡಿಮೆಯ ಊಟ, ಪಿಷ್ಟ ಕಡಿಮೆಯ ಊಟ ಎಂದು ಹಂಚಿ ಒಂದು ವರ್ಷ ನೋಡಿದರು. ಯಾರ ಜೀನಿಗೆ ಯಾವ ಊಟ ಒಗ್ಗುತ್ತದೆ ಎಂಬ ಭವಿಷ್ಯ ಸುಳ್ಳಾಯಿತು. ಎರಡೂ ಗುಂಪು ಐದಾರು ಕಿಲೋ ಇಳಿದವು, ಜೀನಿನ ಹಂಗಿಲ್ಲದೆ. 2018ರ ವರದಿ ಅದು. ನಿಮ್ಮ ಪತ್ರದ ಮೊದಲೆರಡು ಸಾಲು ಆ ಕಿಟ್ಟಿಗಿಂತ ಒಳ್ಳೆಯ ಪರೀಕ್ಷೆ. ಅದನ್ನೇ ಮೂರು ತಲೆಮಾರಿಗೆ ಹಿಗ್ಗಿಸಿ: ಹೆಸರು, ಕಾಯಿಲೆ ಬಂದ ವಯಸ್ಸು, ಮಾಡುತ್ತಿದ್ದ ಕೆಲಸ, ಹೊಟ್ಟೆ ಇತ್ತೋ ಇಲ್ಲವೋ. ಹಾಳೆ ಡಾಕ್ಟರಿಗೆ ಕೊಡಿ. ತಾಯಿಯ ಕಡೆಯದನ್ನು ಮರೆಯಬೇಡಿ, ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

ಕಿಟ್ಟಿನ ದುಡ್ಡಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಬರಿಹೊಟ್ಟೆಯಲ್ಲಿ ಸಕ್ಕರೆ 100ರಿಂದ 125, ಅಥವಾ ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ. 126, 6.5 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಳ್ಳೇ ಏರಿರಬಹುದು. ಹಳೆಯ ರಕ್ತಕಣಗಳು ಹೆಚ್ಚು ಕಾಲ ಓಡಾಡಿ ಹೆಚ್ಚು ಸಕ್ಕರೆ ಅಂಟಿಸಿಕೊಂಡಿರುತ್ತವೆ. ಹಿಮೋಗ್ಲೋಬಿನ್ನೂ ಜೊತೆಗೇ ನೋಡಿಸಿ. ಮನೆಯಲ್ಲಿ ಮೀಟರು ಇದ್ದರೆ ಮೊದಲ ತುತ್ತಿನಿಂದ ಎರಡು ಗಂಟೆಗೆ ಚುಚ್ಚಿ. ಹಲಸಿನ ಹಣ್ಣು ಬಿಡಿಸಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಮೀಟರು ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಹೇಳಿ ನಿಮ್ಮ ಎದೆ ನಡುಗಿಸುತ್ತದೆ. ಮೀಟರಿನ ಪಟ್ಟಿಯ (ಸ್ಟ್ರಿಪ್) ಡಬ್ಬಿಯ ಮುಚ್ಚಳ ಆ ಕ್ಷಣವೇ ಹಾಕಿ, ನಮ್ಮ ಮಳೆಗಾಲದ ತೇವಕ್ಕೆ ಪಟ್ಟಿ ಬೇಗ ಕೆಡುತ್ತದೆ.

ತಂಗಿಯ ಮಾತನ್ನು ಪತ್ರದ ತುದಿಗೆ ಸಿಕ್ಕಿಸಿದ್ದೀರಿ, ಅದು ಮೊದಲು ಬರಬೇಕಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಆ ಮಕ್ಕಳಲ್ಲಿ 517 ಜನರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಎರಡೂವರೆ ಕಿಲೋ ಒಳಗೆ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋಗೆ ಮೀರಿ ಹುಟ್ಟಿದವರಲ್ಲಿ ಶೇ 3. ಅಂದರೆ ತಟ್ಟೆಯ ಲೆಕ್ಕ ಹುಟ್ಟುವ ಮೊದಲೇ ಶುರುವಾಗುತ್ತದೆ, ತಾಯಿಯ ತಟ್ಟೆಯಿಂದ. ಅವಳಿಗೆ ಕೊಟ್ಟ ಕಬ್ಬಿಣ, ಫೋಲಿಕ್ ಮಾತ್ರೆ ಬಿಡಬಾರದು. ಸಸ್ಯಾಹಾರಿಯಾಗಿದ್ದರೆ ಬಿ12 ಎಷ್ಟಿದೆ ಎಂದು ಡಾಕ್ಟರಲ್ಲಿ ಕೇಳಿ ನೋಡಿಸಬೇಕು. ಅನ್ನ ಕಡಿಮೆ ಮಾಡು ಎಂದು ಅವಳಿಗೆ ನೀವು ಉಪದೇಶ ಮಾಡಬೇಡಿ. ಬಸುರಿಯ ಸಕ್ಕರೆ ಪರೀಕ್ಷೆಗೆ 24ರಿಂದ 28ನೇ ವಾರ ಸರಿಯಾದ ಹೊತ್ತು, ಅವಳೀಗ ಅಲ್ಲೇ ಇದ್ದಾಳೆ. 75 ಗ್ರಾಂ ಗ್ಲೂಕೋಸನ್ನು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದು ಹತ್ತು ನಿಮಿಷದಲ್ಲಿ ಕುಡಿಸುತ್ತಾರೆ, ಹೊಟ್ಟೆ ಖಾಲಿ ಇರಬೇಕೆಂದಿಲ್ಲ. ಎರಡು ಗಂಟೆ ಬಿಟ್ಟು ರಕ್ತ ನೋಡಿದಾಗ 140 ಅಥವಾ ಹೆಚ್ಚಿದ್ದರೆ ಅಲ್ಲಿಂದಲೇ ಚಿಕಿತ್ಸೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಲೆಕ್ಕಕ್ಕಿಲ್ಲ, ಮಾರನೇ ದಿನ ಮತ್ತೆ ಕುಡಿಯಬೇಕು. ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬಸ್ಸಿನ ಹೊಯ್ದಾಟಕ್ಕೆ ವಾಂತಿ ಬರುವವರಾದರೆ ಇಳಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಕುಡಿಯಲಿ.