ಗಾಯರಾಣ ಖಾಲಿ ಬಿದ್ದ ಜಾಗ ಅಲ್ರಿ

ಕುಷ್ಟಗಿ ಕಡೆಯಿಂದ ಹೈಸ್ಕೂಲ್ ಮಾಸ್ತರೊಬ್ರು ಬರ್ದಾರ. ಪಕ್ಕದ ಪಟ್ಟಣದ ಕಸದ ಯಾರ್ಡ್ ತುಂಬಿ ಹೋಗೇತಿ, ಅದಕ್ಕ ಹತ್ತಿರೋ ತಮ್ಮೂರ ಗಾಯರಾಣನ (ದನ ಕುರಿ ಮೇಯೋ ಗೋಮಾಳ) ತಗೊಂಡು ಯಾರ್ಡ್ ದೊಡ್ಡದು ಮಾಡಬೇಕಂತ ಸರ್ವೆ ನಡದೈತಿ, ಅಲ್ಲಿ ತೋಳ, ಕತ್ತೆಕಿರುಬ, ಚಿಗರಿ ಅದಾವು. ಗ್ರಾಮಸಭೆಯಾಗ ಇದನ್ನ ಹೇಳಿದ್ರ "ಹಂಗಾದ್ರ ಕಸ ನಿನ್ನ ಮನಿ ಮುಂದ ಹಾಕೂಣೇನು, ಕುರಿ ತಿನ್ನೋ ತೋಳ ಉಳಿಸಿ ಏನ್ ಮಾಡ್ತಿ" ಅಂದ್ರಂತ. ನಾನು ಹೇಳಿದ್ದು ತಪ್ಪೇನು ಅಂತ ಕೇಳ್ಯಾರ.

ತಪ್ಪಲ್ರಿ ಮಾಸ್ತರ. ಆದ್ರ ಊರಿನವರ ಮಾತೂ ತಗದು ಹಾಕೋವಂಥದ್ದಲ್ಲ. ಕಸ ಎಲ್ಲಿಗಾದ್ರೂ ಹೋಗಲೇಬೇಕು, ಮತ್ತ ತೋಳ ಒಂದು ರಾತ್ರಿ ದಡ್ಡಿಗೆ ನುಗ್ಗಿದ್ರ ಕುರಿಗಾರನ ವರ್ಷದ ದುಡಿಮೆ ಹೋಗ್ತೈತಿ, ಅರಣ್ಯ ಇಲಾಖೆ ಪರಿಹಾರ ಕೊಡ್ತೈತಿ ಅಂದ್ರೂ ಅದು ಕೈಗೆ ಬರೂತನಕ ಓಡಾಡಿದವರಿಗೆ ಗೊತ್ತು ಅದರ ಕಷ್ಟ. ಇದನ್ನ ನೀವು ಮೊದಲು ಸಭೆಯಾಗ ಒಪ್ಪಿಕೊಂಡು ಆಮೇಲೆ ಮಾತಾಡ್ರಿ, ಕೇಳ್ತಾರ.

ಕಂದಾಯ ದಾಖಲೆಯೊಳಗ ಗಾಯರಾಣ ಅಂತ ಇದ್ರ ಸಾಕು, ಆಫೀಸಿನ್ಯಾಗ ಕುಂತವರಿಗೆ ಅದು ಖಾಲಿ ಜಾಗ. ನಮ್ಮ ಕಡೆ ಕಾಡೇ ಇಲ್ಲ ಅನ್ನೋ ಮಾತು ಬ್ಯಾರೆ. ಆದ್ರ ರಾಜ್ಯದ ಮೊದಲನೇ ತೋಳಧಾಮ ಆಗಿದ್ದು ನಮ್ಮ ಗಂಗಾವತಿ ತಾಲೂಕಿನ ಬಂಕಾಪುರದಾಗ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ರಾಜ್ಯದಾಗ ಉಳದಿರೋ ನೆಲಿ ಸಿರುಗುಪ್ಪದ ಎರಿ ಭೂಮಿ. ಇವೆಲ್ಲ ಬದುಕೋದು ಬಯಲು, ಕುರುಚಲು, ಹುಲ್ಲಿನ್ಯಾಗ. ಹುಲಿ ದೇಶದಾಗ 2022ರ ಎಣಿಕೆ ಪ್ರಕಾರ 3,682 ಅದಾವು, ನಮ್ಮ ಬಯಲುಸೀಮೆ ತೋಳ 3,000ದ ಆಸುಪಾಸು ಅಂತ ಅಂದಾಜು. ವನ್ಯಜೀವಿ ಕಾಯ್ದೆಯೊಳಗ ಹೆಚ್ಚು ರಕ್ಷಣೆ ಇರೋ ಒಂದನೇ ಪಟ್ಟಿಯಾಗ ಹುಲಿ ಜೋಡಿನೇ ತೋಳದ ಹೆಸರೂ ಐತಿ, ಆದ್ರ ತೋಳ ಮರಿ ಹಾಕೋ ಹಳ್ಳದ ದಂಡಿಗೆ ಯಾವ ಪಟ್ಟಿನೂ ಇಲ್ಲ, ಅಲ್ಲಿ ಜೆಸಿಬಿ ಹೊಡದ್ರ ಕೇಳೋರಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ತೋಳಕ್ಕ ಕಸದ ಯಾರ್ಡಿನಿಂದ ಆಗೋ ದೊಡ್ಡ ಕೇಡು ಜಾಗ ಹೋಗೋದಷ್ಟೇ ಅಂತ ತಿಳ್ಕೋಬ್ಯಾಡ್ರಿ, ನಾಯಿ ಐತಲ್ಲ ಅದು. ಸಂಜಿ ಮುಂದ ಯಾವ ಯಾರ್ಡಿಗೆ ಬೇಕಾದ್ರೂ ಹೋಗಿ ನಿಂದರ್ರಿ. ಚಿಕನ್ ಅಂಗಡಿ ವೇಸ್ಟ್ ತಂದ ಟ್ರ್ಯಾಕ್ಟರ್ ಟ್ರಾಲಿ ಎತ್ತೋದಕ್ಕ ಮೊದಲೇ ನಾಯಿಗಳು ಸುತ್ತುವರದಿರ್ತಾವು, ಕ್ಯಾರಿಬ್ಯಾಗ್ ಹರದು ಕರುಳು ಎಳಕೊಂಡು ಗುಡ್ಡೆ ಹಿಂದ ಹೋಗ್ತಾವು, ಹೊಟ್ಟಿ ತುಂಬಿದ ಮ್ಯಾಲೆ ಅಲ್ಲೇ ಮಲಗ್ತಾವು, ಅಲ್ಲೇ ಮರಿ ಹಾಕ್ತಾವು. ಆ ನಾಯಿಗಳೇ ರಾತ್ರಿ ಗಾಯರಾಣಕ್ಕ ಇಳದು ಚಿಗರಿ ಮರಿ ಹಿಡಿತಾವು, ಕುರಿನೂ ಹಿಡಿತಾವು (ಬೆಳಿಗ್ಗೆ ಹೆಸರು ಮಾತ್ರ ತೋಳದ್ದು), ತೋಳಕ್ಕ ರೇಬೀಸ್, ಡಿಸ್ಟೆಂಪರ್ ಅನ್ನೋ ನಾಯಿ ರೋಗ ಹಚ್ಚತಾವು, ತೋಳದ ಜೋಡಿ ಕೂಡಿ ತಳಿನೂ ಕೆಡಸ್ತಾವು. 2018ರಾಗ ಗಿರ್ ಕಾಡಿನ್ಯಾಗ ಸಿಂಹಗಳು ಸಾಲು ಸಾಲು ಸತ್ತಾಗ ಸಿಕ್ಕಿದ್ದು ಇದೇ ಡಿಸ್ಟೆಂಪರ್ ವೈರಸ್. ಸಿಂಹಕ್ಕೇ ಹಂಗಾದ್ರ ನಾಕೈದು ತೋಳದ ಒಂದು ಗುಂಪು ಎಷ್ಟು ದಿನ ತಡಕೊಂಡೀತು?

ಹಂಗಾಗಿ ಸಭೆಯಾಗ "ಜಾಗ ಕೊಡಬ್ಯಾಡ್ರಿ" ಅನ್ನೋದಕ್ಕಿಂತ ಮೊದಲು "ಹೊಸ ಜಾಗದಾಗ ಏನ್ ಹಾಕ್ತೀರಿ" ಅಂತ ಕೇಳ್ರಿ. 2016ರ ಘನತ್ಯಾಜ್ಯ ನಿಯಮದಾಗೇ ಸಾಫ್ ಬರದಿದ್ರು, ಲ್ಯಾಂಡ್‌ಫಿಲ್‌ಗೆ (ಕಸ ಹೂಳೋ ಜಾಗಕ್ಕ) ಹೋಗಬೇಕಾದ್ದು ಕೊಳಿಯದ, ಮರುಬಳಕೆಗೆ ಬರದ, ಸುಡಾಕೂ ಬರದ ಉಳಿಕೆ ಮಾತ್ರ. ನಮ್ಮ ಊರುಗಳ ಕಸದಾಗ ಅರ್ಧದ ಹತ್ರ ಹಸಿ ಕಸನೇ ಇರ್ತೈತಿ, ಅದು ಗೊಬ್ಬರ ಆದ್ರ ಬೇಕಾಗೋ ಜಾಗನೂ ಕಡಿಮಿ, ನಾಯಿನೂ ಕಡಿಮಿ. ಎರಡಕ್ಕೂ ಮದ್ದು ಒಂದೇ ಐತಿ ನೋಡ್ರಿ. ಇನ್ನ ಹಳೇ ಗುಡ್ಡೆ, ಅದನ್ನ ಅಗದು, ಮಶೀನಿನ್ಯಾಗ ಸೋಸಿ, ಮಣ್ಣು ಬ್ಯಾರೆ ಪ್ಲಾಸ್ಟಿಕ್ ಬ್ಯಾರೆ ಮಾಡಿ ನೆಲ ಖಾಲಿ ಮಾಡೋ ಬಯೋಮೈನಿಂಗ್‌ಗೆ 2021ರಾಗ ಶುರುವಾದ ಸ್ವಚ್ಛ ಭಾರತ ಮಿಷನ್ ಎರಡನೇ ಹಂತದಾಗ ದುಡ್ಡೂ ಇಟ್ಟಾರ. ಹಳೇ ಗುಡ್ಡೆ ಮುಟ್ಟದ ಹೊಸ ಗಾಯರಾಣಕ್ಕ ಕೈ ಹಾಕೋದು ಯಾವ ಲೆಕ್ಕ? ನಂಗಂತೂ ಇದು ಒಪ್ಪಿಗಿ ಇಲ್ಲ.

ಇಷ್ಟೆಲ್ಲ ಆದ ಮ್ಯಾಲೂ ಸ್ವಲ್ಪ ಜಾಗ ಬೇಕೇ ಬೇಕು ಅಂದ್ರ, ಹಳ್ಳದ ದಂಡಿ ಬಿಟ್ಟು ಬ್ಯಾರೆ ಕಡೆ ತಗೊಳ್ಳಿ ಅಂತ ಕೇಳ್ರಿ. 2016ರ ನಿಯಮದಾಗೂ ನದಿಯಿಂದ 100 ಮೀಟರ್, ಕೆರಿಯಿಂದ 200 ಮೀಟರ್ ದೂರ ಇರಬೇಕಂತ ಇತ್ತು, ತಳಕ್ಕ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮ್ಯಾಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳಿ ಹಾಕಬೇಕು, ಇಲ್ಲಂದ್ರ ಮಳಿಗಾಲದಾಗ ಆ ಕಪ್ಪು ನೀರು ಹಳ್ಳಕ್ಕಿಳದು ತೋಳನೂ ಕುಡಿತೈತಿ ನಿಮ್ಮ ಕುರಿನೂ ಕುಡಿತಾವು. ಬೇಲಿ ಯಾರ್ಡಿನ ಸುತ್ತ ಹಾಕ್ಲಿ, ನಾಯಿ ನುಸುಳದಂಗ ಬುಡ ಹುಗದು ಹಾಕ್ಲಿ, ಉಳದ ಗಾಯರಾಣಕ್ಕ ಬೇಲಿ ಬ್ಯಾಡ. ತೋಳ ಮರಿ ಹಾಕೋದು ಹೆಚ್ಚಾಗಿ ಚಳಿಗಾಲದಾಗ, ಆ ತಿಂಗಳು ಮಶೀನ್ ನಿಂದರ್ಲಿ. ಅಗದು ಬಿಟ್ಟ ಮಣ್ಣಿಗೆ ಬಳ್ಳಾರಿ ಜಾಲಿ ಹತ್ತಿದ್ರ ಹುಲ್ಲು ಮತ್ತ ಏಳೋದಿಲ್ಲ, ಅದನ್ನ ಎಳೇದಿದ್ದಾಗಲೇ ಕೀಳಸೋ ಜವಾಬ್ದಾರಿ ಗುತ್ತಿಗೆದಾರನ ಕರಾರಿನ್ಯಾಗ ಬರಸ್ರಿ.

ಒಂದು ಕೆಲಸ ನೀವೇ ಮಾಡಬೇಕು. ನಿಮ್ಮ ಪಂಚಾಯಿತಿಯಾಗ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, 2002ರ ಕಾಯ್ದೆ ಪ್ರಕಾರ. ಅದರ ಕೈಯಾಗ ಜನತಾ ಜೀವವೈವಿಧ್ಯ ದಾಖಲಾತಿ ಇರ್ತೈತಿ, ಬಾಳ ಕಡೆ ಕಪಾಟಿನ್ಯಾಗ ಧೂಳು ತಿನ್ನತೈತಿ. ಬಿಲ ಎಲ್ಲಿ, ನೀರು ಕುಡಿಯೋದೆಲ್ಲಿ, ಯಾವ ತಿಂಗಳು ಏನು ಕಾಣ್ತೈತಿ, ಕುರಿಗಾರರನ್ನೇ ಕೂಡಿಸಿ ಕೇಳಿ ಅದರಾಗ ಬರಸ್ರಿ, ಅವರಿಗೆ ಗೊತ್ತಿದ್ದಷ್ಟು ಯಾವ ಸರ್ವೆಯವರಿಗೂ ಗೊತ್ತಿರಲ್ಲ. ಬಿಲದ ಫೋಟೊ ಮಾತ್ರ ವಾಟ್ಸಾಪ್‌ನ್ಯಾಗ ಹಾಕಬ್ಯಾಡ್ರಿ, ಹೊಗೆ ಹಾಕಿ ಮರಿ ಕೊಲ್ಲೋರು ಇನ್ನೂ ಅದಾರ. ಯೋಜನೆಗೆ ಪರಿಸರ ಅನುಮತಿ ಬೇಕಾಗಿ ಸಾರ್ವಜನಿಕ ಅಹವಾಲು ಸಭೆ ಕರದ್ರ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಆ ದಾಖಲಾತಿ ಪ್ರತಿ ಹಿಡಕೊಂಡು ಕುರಿಗಾರರ ಜೋಡಿನೇ ಹೋಗ್ರಿ, ಹೇಳಿದ್ದನ್ನ ನಡಾವಳಿಯಾಗ ಬರಸಿಕೊಂಡೇ ಎದ್ದು ಬರ್ರಿ. ನೋಟಿಸ್ ಬಂದ ದಿನ ಅದರ ಫೋಟೊ ನಮಗೂ ಕಳಸ್ರಿ, ಪತ್ರಿಕೆಯಾಗ ಹಾಕ್ತೀವಿ.