ಪೊರೆ ಆಪರೇಷನ್ ಆದ ಕಣ್ಣು ಮತ್ತೆ ಮಬ್ಬಾಗಿದೆ, ಸೋಮವಾರದವರೆಗೆ ಕಾಯಬಹುದಾ?

ಕಾಯಬೇಡಿ. ಇವತ್ತು ರಾತ್ರಿಯೇ ತೋರಿಸಿ.

ಅಮ್ಮನಿಗೆ ಪೊರೆ ತೆಗೆಸಿ ಐದು ದಿನ, ಮೊದಲು ಚೆನ್ನಾಗಿ ಕಾಣುತ್ತಿತ್ತು, ಈಗ ಕಣ್ಣು ಕೆಂಪಾಗಿ ನೋಯುತ್ತಿದೆ, ಎಲ್ಲ ಮಂಜು ಮಂಜು ಅಂತ ಬರೆದಿದ್ದೀರಿ. ಆಸ್ಪತ್ರೆಯವರು ಫೋನಿನಲ್ಲೇ ಡ್ರಾಪ್ಸ್ ಜಾಸ್ತಿ ಹಾಕಿ ಅಂದರಂತೆ. ನಾನು ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯ ರೆಟಿನಾ, ಅಂದರೆ ಕಣ್ಣಿನ ಹಿಂಪದರದ ವಿಭಾಗದಲ್ಲಿ ನರ್ಸ್. ಹೀಗೆ ಎರಡು ದಿನ ಕಾದು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಆಪರೇಷನ್ ಆದ ಕಣ್ಣು ದಿನದಿಂದ ದಿನಕ್ಕೆ ತಿಳಿಯಾಗಬೇಕು. ಒಮ್ಮೆ ಕಂಡು ಮತ್ತೆ ಮಬ್ಬಾದರೆ ಒಳಗೆ ಸೋಂಕಾಗಿದೆಯಾ ಅಂತ ಮೊದಲು ನೋಡಬೇಕು. ಡಾಕ್ಟರುಗಳು ಎಂಡಾಫ್ತಲ್ಮೈಟಿಸ್ ಅನ್ನುವುದು ಇದನ್ನೇ. ಅಪರೂಪ, ಆದರೆ ಬಂದರೆ ಹೆಚ್ಚಾಗಿ ಮೊದಲ ಒಂದೆರಡು ವಾರದಲ್ಲೇ ಬರುತ್ತದೆ. ಟಾರ್ಚ್ ಬಿಟ್ಟು ನೋಡಿದಾಗ ಕರಿಗುಡ್ಡೆಯ ಕೆಳ ಅಂಚಿನಲ್ಲಿ ಬಿಳಿ ಪದರ ಮಟ್ಟವಾಗಿ ನಿಂತಿದ್ದರೆ ಅದು ಕೀವು. ಕಾಣದಿದ್ದರೆ ಸೋಂಕಿಲ್ಲ ಅಂತಲ್ಲ. ನೋವು ಕಡಿಮೆಯಾಯಿತು ಅಂತಲೂ ಸುಮ್ಮನಿರಬೇಡಿ, ಸುಮಾರು ಕಾಲು ಭಾಗ ರೋಗಿಗಳಿಗೆ ನೋವೇ ಇರುವುದಿಲ್ಲ. ಬೇರೆ ಕಾರಣವೂ ಇರಬಹುದು, ಆದರೆ ಸ್ಲಿಟ್ ಲ್ಯಾಂಪ್ ಅನ್ನುವ, ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡದೆ ಅದನ್ನು ಯಾರೂ ಹೇಳಲಾರರು.

ಡ್ರಾಪ್ಸ್ ಮಾತ್ರ ಸಾಲುವುದಿಲ್ಲ ಯಾಕೆ ಅಂದರೆ, ಸೋಂಕು ಇರುವುದು ಕಣ್ಣಿನ ಹಿಂಭಾಗ ತುಂಬಿರುವ ವಿಟ್ರಿಯಸ್ ಅನ್ನುವ ಜೆಲ್ಲಿನಲ್ಲಿ. ಅಲ್ಲಿ ರಕ್ತನಾಳಗಳಿಲ್ಲ. ಮೇಲಿಂದ ಹಾಕಿದ ಔಷಧಿ ಅಲ್ಲಿಗೆ ಬೇಕಾದಷ್ಟು ಹೋಗುವುದಿಲ್ಲ, ಕೈಗೆ ಹಾಕುವ ಡ್ರಿಪ್ಪಿನದೂ ಅದೇ ಕಥೆ. 1995ರಲ್ಲಿ ಅಮೆರಿಕದಲ್ಲಿ 420 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಡ್ರಿಪ್ಪಿನಲ್ಲಿ ಕೊಟ್ಟ ಆಂಟಿಬಯೋಟಿಕ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಕಣ್ಣಿನ ಒಳಗೇ ಇಂಜೆಕ್ಷನ್ ಕೊಡಬೇಕು.

ಕೇಳಲು ಭಯ, ಅಲ್ವಾ? ಕಣ್ಣು ಮರಗಟ್ಟಿಸಿ, ಅಯೋಡಿನ್‌ನಿಂದ ಶುಚಿ ಮಾಡಿ, ಮೊದಲು ಒಂದಿಷ್ಟು ದ್ರವ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ರಿಪೋರ್ಟಿಗೆ ಕಾಯದೆ ಆಗಲೇ ಔಷಧಿ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ಆಂಟಿಬಯೋಟಿಕ್, ವ್ಯಾಂಕೋಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡೈಮ್ 2.25 ಮಿಲಿಗ್ರಾಂ, ತಲಾ 0.1 ಎಂಎಲ್ ಅಷ್ಟೇ. ಆ ಹೊತ್ತಿಗೆ ಎಷ್ಟೋ ತಾಯಂದಿರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಸೂಜಿ ಹೋಗಿದ್ದು ಒತ್ತಿದ ಹಾಗಾಯಿತು ಅನ್ನುವವರೇ ಜಾಸ್ತಿ. ಕೈಬೆರಳೂ ಕಾಣದೆ ಬರೀ ಬೆಳಕಷ್ಟೇ ಗೊತ್ತಾಗುವಂತಿದ್ದರೆ ತಕ್ಷಣ ವಿಟ್ರೆಕ್ಟಮಿ ಅನ್ನುವ ಆಪರೇಷನ್ ಮಾಡಿ ಆ ಜೆಲ್ ತೆಗೆಯುವುದು ಒಳ್ಳೆಯದು ಅಂತ ಅದೇ ಅಧ್ಯಯನ ತೋರಿಸಿತು.

ಹೊರಡುವ ಮುಂಚೆ ಕಣ್ಣು ತೊಳೆಯಬೇಡಿ, ಉಜ್ಜಲು ಬಿಡಬೇಡಿ, ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಕೊಟ್ಟಿರುವ ಪ್ಲಾಸ್ಟಿಕ್ ಶೀಲ್ಡ್ ಸಾಕು. ಯಾರೋ ಹೇಳಿದರು ಅಂತ ತುಪ್ಪ, ಪನ್ನೀರು, ಎದೆಹಾಲು ದಯವಿಟ್ಟು ಬೇಡ. ಡಿಸ್ಚಾರ್ಜ್ ಕಾಗದ, ಹಾಕುತ್ತಿರುವ ಡ್ರಾಪ್ಸ್ ಬಾಟಲಿ, ಶುಗರ್ ಇದ್ದರೆ ಆ ಮಾತ್ರೆಗಳೂ ಜೊತೆಗಿರಲಿ.

ಆಪರೇಷನ್ ಮಾಡಿದ ಆಸ್ಪತ್ರೆಗೆ ಈಗಲೇ ಇನ್ನೊಮ್ಮೆ ಫೋನ್ ಮಾಡಿ, 'ರೆಟಿನಾ ಡಾಕ್ಟರ್ ಇವತ್ತು ನೋಡಿ, ಬೇಕಾದರೆ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರಾ?' ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ರೆಟಿನಾ ವಿಭಾಗ ಇರುವ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯೇ ಆಗಬೇಕಾದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಆಟೋದಲ್ಲಿ ಕೂತ ಮೇಲೆ ಬೇಕಾದರೆ ಇಲ್ಲೇ ಬರೆಯಿರಿ, ಉತ್ತರ ಕೊಡುತ್ತೇನೆ.